ಭತ್ಯೆ ಕೊಡುವವರು ಕೋರ್ಸಿಗೆ ಸೇರಿ ಅಂತಾರೆ, ಸೇರಲಾ ಬೇಡವಾ?

ನಾಲ್ಕು ವರ್ಷ ನಾನು ನಿರುದ್ಯೋಗ ಭತ್ಯೆ ಪಡೆಯುವವರಿಗೆ ಕಂಪ್ಯೂಟರ್ ಕಲಿಸುತ್ತಿದ್ದೆ. ಅದಕ್ಕೂ ಮುಂಚೆ ಏಳು ತಿಂಗಳು ನಾನೇ ಭತ್ಯೆ ತಗೊಂಡು, ಅಂಥದ್ದೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎರಡೂ ಕಡೆ ನೋಡಿದವನು ಅಂತಲೋ ಏನೋ, ಗೊತ್ತಿದ್ದವರು, ಅವರಿಗೆ ಗೊತ್ತಿದ್ದವರು, ಎಲ್ಲರೂ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ. "ಕೆಲಸ ಹೋಗಿದೆ, ಭತ್ಯೆ ಬರ್ತಾ ಇದೆ. ಈಗ ಯಾವುದೋ ತರಬೇತಿಗೆ ಸೇರಿ ಅಂತಿದ್ದಾರೆ. ಹೇಗೂ ಪುಕ್ಕಟೆ. ಸೇರಲಾ?"

ಕೋರ್ಸು ಮುಗಿಯುವ ಹೊತ್ತಿಗೆ ಆ ಕಡೆ ಕೆಲಸ ಕೊಡುವವರು ಯಾರಾದರೂ ನಿಮಗಾಗಿ ಕಾಯುತ್ತಿರುತ್ತಾರಾ ಅಂತ ನಾನು ತಿರುಗಿ ಕೇಳುತ್ತೇನೆ. ಕಾಯುತ್ತಿದ್ದರೆ ಸೇರಿ. ಬರೀ ಸರ್ಟಿಫಿಕೇಟು ಕಾಯುತ್ತಿದ್ದರೆ ಒಂದೆರಡು ದಿನ ತಡೆದು ಯೋಚನೆ ಮಾಡಿ.

ಮೊದಲು ಈ "ಪುಕ್ಕಟೆ" ವಿಷಯ. ಫೀಸಿಲ್ಲ, ನಿಜ. ಆದರೆ ನೀವು ಕೊಡುವುದು ದಿನಗಳನ್ನು. ಬೆಳಿಗ್ಗೆ ಒಂಬತ್ತೂವರೆಗೆ ಹಾಜರಿ, ಸಂಜೆ ನಾಲ್ಕಕ್ಕೆ ಬಿಡುಗಡೆ. ಮನೆಗೆ ಬಂದ ಮೇಲೆ ಅರ್ಜಿ ಹಾಕುವ ಉಮೇದು ಯಾರಿಗಿರುತ್ತೆ? ನನ್ನ ಕ್ಲಾಸಿನಲ್ಲೇ ನೋಡಿದ್ದೇನೆ. ಮೊದಲ ವಾರ ಊಟದ ಬಿಡುವಿನಲ್ಲಿ ಎಲ್ಲರೂ ಫೋನಿನಲ್ಲಿ ಕೆಲಸದ ಜಾಹೀರಾತು ನೋಡೋರು. ಮೂರನೇ ವಾರಕ್ಕೆ ಕ್ರಿಕೆಟ್ ಸ್ಕೋರು. ಕೋರ್ಸು ಮುಗಿಯಲಿ, ಆಮೇಲೆ ಹುಡುಕೋಣ ಅಂತ ಮನಸ್ಸು ತಾನೇ ತೀರ್ಮಾನ ಮಾಡಿಬಿಡುತ್ತದೆ. ಅರ್ಥಶಾಸ್ತ್ರದವರು ಇದಕ್ಕೊಂದು ಹೆಸರೇ ಇಟ್ಟಿದ್ದಾರೆ, ಒಳಗೆ ಸಿಕ್ಕಿಹಾಕಿಕೊಳ್ಳುವ ಪರಿಣಾಮ ಅಂತ. ಕೋರ್ಸಿನೊಳಗೆ ಇದ್ದಷ್ಟು ದಿನ, ಹೊರಗಿದ್ದು ಹುಡುಕುವವರಿಗಿಂತ ಒಳಗಿದ್ದವರಿಗೆ ಕೆಲಸ ಸಿಗುವುದು ಕಡಿಮೆ.

ಹಾಗಂತ ತರಬೇತಿ ದಂಡ ಅನ್ನುವುದೂ ತಪ್ಪು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಮತ್ತು ಇನ್ನಿಬ್ಬರು ಸೇರಿ, ಕೆಲಸವಿಲ್ಲದವರಿಗಾಗಿ ನಡೆಸುವ ಸರ್ಕಾರಿ ಕಾರ್ಯಕ್ರಮಗಳ ಬಗ್ಗೆ ಬೇರೆ ಬೇರೆ ದೇಶಗಳ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿ 2018ರಲ್ಲಿ ಪ್ರಕಟಿಸಿದರು. ಇದೇ ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಅವರು ಕಂಡಿದ್ದು ಇಷ್ಟು: ಇಂಥ ಕಾರ್ಯಕ್ರಮಗಳಿಂದ ಮೊದಲ ವರ್ಷ ಆಗುವ ಲಾಭ ಸರಾಸರಿಯಲ್ಲಿ ಸೊನ್ನೆಯ ಆಸುಪಾಸು. ಎರಡು, ಮೂರು ವರ್ಷ ಕಳೆದ ಮೇಲೆ ಲಾಭ ಕಾಣಿಸುತ್ತದೆ. ತರಬೇತಿಯ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಹೆಂಗಸರಿಗೆ, ತುಂಬಾ ದಿನದಿಂದ ಕೆಲಸವಿಲ್ಲದೆ ಇರುವವರಿಗೆ ಜಾಸ್ತಿ ಪ್ರಯೋಜನ.

ಅಂದರೆ ಮುಂದಿನ ತಿಂಗಳೇ ಸಂಬಳ ಬರಬೇಕು ಅನ್ನುವ ಸ್ಥಿತಿಯಲ್ಲಿದ್ದು, ಈಗಿನ ಕಸುಬಿಗೇ ಕರೆಗಳು ಬರುತ್ತಿದ್ದರೆ, ಕೋರ್ಸು ನಿಮಗೆ ಅಡ್ಡಗಾಲು. ಒಂದು ವರ್ಷದಿಂದ ಒಂದು ಸಂದರ್ಶನಕ್ಕೂ ಯಾರೂ ಕರೆದಿಲ್ಲ ಅಂದರೆ ಲೆಕ್ಕವೇ ಬೇರೆ. ಆಗ ನೀವು ಕಳೆದುಕೊಳ್ಳುವುದೇನೂ ಅಷ್ಟಿಲ್ಲ.

ಒಂದು ತಮಾಷೆ ಹೇಳುತ್ತೇನೆ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ 1990ರ ದಶಕದಲ್ಲಿ ಭತ್ಯೆ ಪಡೆಯುವವರಿಗೆ ತರಬೇತಿ, ಸಲಹೆ ಕಡ್ಡಾಯ ಅಂತ ಪತ್ರ ಹೋಗುತ್ತಿತ್ತು. ಸೀಟು ಕಡಿಮೆ ಇದ್ದಾಗ ಯಾರಿಗೆ ಪತ್ರ ಅಂತ ಚೀಟಿ ಎತ್ತಿದ ಹಾಗೆ ಆರಿಸುತ್ತಿದ್ದರು. ಪತ್ರ ಸಿಕ್ಕವರು ಸಿಗದವರಿಗಿಂತ ಸರಾಸರಿ ಎರಡು ವಾರಕ್ಕಿಂತ ಸ್ವಲ್ಪ ಮುಂಚೆಯೇ ಭತ್ಯೆ ಬಿಟ್ಟರು. ಈ ವ್ಯತ್ಯಾಸದ ಬಹುಪಾಲು ಬಂದಿದ್ದು ತರಬೇತಿ ಮುಗಿಸಿದವರಿಂದ ಅಲ್ಲ, ಪತ್ರ ಓದಿಯೇ ಭತ್ಯೆ ಬಿಟ್ಟವರಿಂದ! ಕೋರ್ಸಿಗಿಂತ ಕೋರ್ಸಿನ ಹೆದರಿಕೆಯೇ ಜಾಸ್ತಿ ಕೆಲಸ ಮಾಡಿತ್ತು. ಕಚೇರಿಯವರು ನಿಮ್ಮನ್ನು ಕ್ಲಾಸಿಗೆ ಕಳಿಸುವುದು ಯಾವಾಗಲೂ ಕಲಿಸುವುದಕ್ಕೇ ಅಂತ ಅಂದುಕೊಳ್ಳಬೇಡಿ ಅನ್ನುವುದಕ್ಕೆ ಹೇಳಿದೆ.

ನನ್ನ ಕ್ಲಾಸಿಗೆ ಹಾಗೆ ಕಳಿಸಿದವರಲ್ಲಿ ಒಬ್ಬರು ಇಪ್ಪತ್ತೆಂಟು ವರ್ಷ ಲೇತ್ ಮಷೀನಿನ ಮೇಲೆ ಕೆಲಸ ಮಾಡಿದವರು. ಬೆರಳಿನಲ್ಲಿ ಸವರಿಯೇ ಪೀಸು ಸರಿ ಇದೆಯೋ ಇಲ್ಲವೋ ಹೇಳಬಲ್ಲ ಮನುಷ್ಯ. ಅವರನ್ನು ಕೂರಿಸಿಕೊಂಡು ನಾನು ಮೌಸ್ ಎರಡು ಸಲ ಒತ್ತುವುದು ಹೇಗೆ ಅಂತ ಹೇಳಿಕೊಡುತ್ತಿದ್ದೆ. ದಪ್ಪ ಬೆರಳು, ಒಂದು ಸಲ ಒತ್ತಿದರೆ ನಾಲ್ಕು ಸಲ ಒತ್ತಿದ ಹಾಗೆ ಆಗೋದು. ನಾಲ್ಕನೇ ದಿನ ಅವರು ಕೇಳಿದರು: "ಮೇಷ್ಟ್ರೇ, ಇದು ನನಗೆ ಬರೋದಿಲ್ಲ ಅಂತಲ್ಲ. ಬಂದ ಮೇಲೆ ಏನು ಮಾಡಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ವಾರ ಕೂತರು, ಹಾಜರಿ ಪೂರ್ತಿ, ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಕೆ ಬೇರೆ. ಕೆಲಸ ಸಿಗಲಿಲ್ಲ.

ಎಂಟು ತಿಂಗಳಾದ ಮೇಲೆ ಅವರೇ ಹುಡುಕಿಕೊಂಡು ಹೋಗಿ, ಕಂಪ್ಯೂಟರ್ ಆಜ್ಞೆಯಂತೆ ಲೇತ್‌ನಂಥ ಮಷೀನು ಓಡಿಸುವ ಸಿಎನ್‌ಸಿ ಕೋರ್ಸೊಂದಕ್ಕೆ ಸೇರಿದರು. ಅಲ್ಲಿ ಕಲಿಯಬೇಕಾಗಿದ್ದು ಸ್ವಲ್ಪವೇ. ಜಿ00 ಅಂದರೆ ಟೂಲು ಗಾಳಿಯಲ್ಲಿ ಜೋರಾಗಿ ಸರಿಯುವುದು, ಜಿ01 ಅಂದರೆ ಕತ್ತರಿಸುತ್ತಾ ನೇರ ಹೋಗುವುದು, ಮಷೀನಿಗೆ ಕೊಡುವ ಇಂಥ ಆಜ್ಞೆಗಳು. ಉಳಿದದ್ದು ಅವರ ಕೈಯಲ್ಲೇ ಇತ್ತಲ್ಲ. ಕಲಿಸುತ್ತಿದ್ದವನು ವರ್ಕ್‌ಶಾಪಿನಿಂದ ಬಂದವನು, ಕೊನೆಯ ವಾರ ಒಬ್ಬ ಮಾಲೀಕನನ್ನು ಕರೆದುಕೊಂಡು ಬಂದ. ಅಷ್ಟೇ ನೋಡಿ ವ್ಯತ್ಯಾಸ. ಒಂದು ಕೋರ್ಸು ಅವರನ್ನು ಏನೂ ಗೊತ್ತಿಲ್ಲದವರ ಸಾಲಿಗೆ ಸೇರಿಸಿತ್ತು, ಇನ್ನೊಂದು ಗೊತ್ತಿದ್ದದ್ದಕ್ಕೆ ಒಂದು ಮೆಟ್ಟಿಲು ಸೇರಿಸಿತು.

ದೊಡ್ಡ ಮಟ್ಟದಲ್ಲೂ ಇದೇ ಕಥೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ 1990ರಲ್ಲಿ ಲಿವೈಸ್ ಬಟ್ಟೆ ಕಾರ್ಖಾನೆ ಮುಚ್ಚಿ ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಿದ್ದರು. ಊರಿನ ಜನಸಂಘಟನೆಗಳು ಸೇರಿ 1992ರಲ್ಲಿ ಪ್ರಾಜೆಕ್ಟ್ ಕ್ವೆಸ್ಟ್ ಅಂತ ಶುರು ಮಾಡಿದರು. ಯಾವ ಕೆಲಸಕ್ಕೆ ಜನ ಬೇಕಾಗಿದೆ ಅಂತ ಮೊದಲು ಕೇಳಿ, ಅದಕ್ಕೆ ಮಾತ್ರ ಓದಿಸುವುದು. ಹೆಚ್ಚಿನವರು ಓದಿದ್ದು ನರ್ಸಿಂಗ್‌ನಂಥ ಆಸ್ಪತ್ರೆ ಕೆಲಸಗಳಿಗೆ. ಪುಸ್ತಕ, ಬಸ್ಸು, ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೂ ನೆರವಾಗುತ್ತಿದ್ದರು. ಮುಂದೆ ಅಲ್ಲಿ ಓದಿದವರನ್ನೂ ಓದದವರನ್ನೂ ಹೋಲಿಸಿ ವರ್ಷಗಟ್ಟಲೆ ಲೆಕ್ಕ ಇಟ್ಟರು. ಮೊದಲ ವರ್ಷ ಓದುತ್ತಿದ್ದವರ ಸಂಪಾದನೆಯೇ ಕಡಿಮೆ. ಒಂಬತ್ತನೇ ವರ್ಷದ ಸಂಪಾದನೆಯಲ್ಲಿ ಓದದವರಿಗಿಂತ 5,000 ಡಾಲರಿಗೂ ಜಾಸ್ತಿ ಮುಂದಿದ್ದರು. ಎರಡು ವಾರದ "ಆತ್ಮವಿಶ್ವಾಸ ಬೆಳೆಸಿಕೊಳ್ಳಿ" ಕೋರ್ಸಿನಿಂದ ಇದನ್ನು ನಿರೀಕ್ಷಿಸಬೇಡಿ. (ಅದನ್ನೂ ನಾನು ಒಂದು ಬ್ಯಾಚಿಗೆ ಕಲಿಸಿದ್ದೇನೆ. ನನಗೇ ಆತ್ಮವಿಶ್ವಾಸ ಕಡಿಮೆಯಾಯಿತು.)

ಇನ್ನು "ಬೇಡ ಅಂದ್ರೆ ಭತ್ಯೆ ನಿಲ್ಲಿಸ್ತಾರಾ?" ಅಂತ ಕೇಳುತ್ತಾರೆ. ನಿಲ್ಲಿಸಬಹುದು. ಎಷ್ಟೋ ದೇಶಗಳಲ್ಲಿ ಕಾನೂನೇ ಹಾಗಿದೆ. ಆದ್ದರಿಂದ ಕೌಂಟರಿನಲ್ಲಿ ಬಾಯಿಮಾತಿಗೆ "ನಾನು ಬರಲ್ಲ" ಅಂತ ಎದ್ದು ಬರಬೇಡಿ. ಇದು ಕಡ್ಡಾಯವೋ ಐಚ್ಛಿಕವೋ ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ. ಬ್ರಿಟನ್‌ನಲ್ಲಿ 2011ರಲ್ಲಿ ಒಬ್ಬ ಭೂವಿಜ್ಞಾನ ಪದವೀಧರೆ ಮ್ಯೂಸಿಯಂ ಒಂದರಲ್ಲಿ ಸ್ವಂತ ಇಷ್ಟದಿಂದ ಸೇವೆ ಮಾಡುತ್ತಾ, ಆ ಕ್ಷೇತ್ರದಲ್ಲೇ ಕೆಲಸ ಹುಡುಕುತ್ತಿದ್ದಳು. ತರಬೇತಿ ಅಂತ ಅವಳನ್ನು ಅಲ್ಲಿಂದ ಬಿಡಿಸಿ, ಸಂಬಳವಿಲ್ಲದೆ ಅಂಗಡಿಯಲ್ಲಿ ಕೆಲಸಕ್ಕೆ ಹಾಕಿದರು. ಅವಳಿಗೆ ಅದು ಕಡ್ಡಾಯವಾಗಿರಲೇ ಇಲ್ಲ, ಆದರೆ ಹೋಗದಿದ್ದರೆ ಭತ್ಯೆ ಹೋಗುತ್ತೆ ಅಂದಿದ್ದರು. ಅವಳು ಕೋರ್ಟಿಗೆ ಹೋದಳು. ಇದು ಜೀತ ಅನ್ನುವ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ, ಆದರೆ ಆ ನಿಯಮಗಳೇ ಕಾನೂನುಬದ್ಧವಾಗಿಲ್ಲ ಅಂತ 2013ರಲ್ಲಿ ತೀರ್ಪು ಬಂತು. ಸರ್ಕಾರ ಅದೇ ವರ್ಷ ಹಿಂದಿನಿಂದಲೇ ಅನ್ವಯವಾಗುವ ಹಾಗೆ ಹೊಸ ಕಾನೂನು ಮಾಡಿ ತನ್ನ ಕೈ ತೊಳೆದುಕೊಂಡಿತು, ಅದು ಬೇರೆ ಮಾತು.

ಬರವಣಿಗೆಯಲ್ಲಿ ಇನ್ನೆರಡು ವಿಷಯ ಕೇಳಿ. ಮಧ್ಯದಲ್ಲಿ ಸಂದರ್ಶನ ಬಂದರೆ ಆ ದಿನ ರಜೆ ಸಿಗುತ್ತಾ? ಕೆಲಸವೇ ಸಿಕ್ಕರೆ ಕೋರ್ಸು ಬಿಡಬಹುದಾ? ಎರಡಕ್ಕೂ ಹೌದು ಅಂದರೆ ಸಿಕ್ಕಿಹಾಕಿಕೊಳ್ಳುವ ಭಯ ಅರ್ಧ ಕಡಿಮೆ.

ಕಾನೂನಿನ ಪ್ರಕಾರವೇ ಕಾರ್ಡು, ಲೈಸೆನ್ಸು ಬೇಕಾಗುವ ಕೆಲಸಗಳಿವೆ. ಭಾರಿ ವಾಹನ ಓಡಿಸುವುದು, ವಿದ್ಯುತ್ ಕೆಲಸ, ಇಂಥವು. ಅದನ್ನು ಪುಕ್ಕಟೆ ಕೊಡಿಸುತ್ತೇವೆ ಅಂದರೆ ನನ್ನನ್ನು ಕೇಳಬೇಡಿ, ಓಡಿ ಹೋಗಿ ಸೇರಿ. ಹೋದ ಊರಿನ ಭಾಷೆ ಬಾರದವರಿಗೆ ಭಾಷೆ ಕಲಿಸುವ ಕೋರ್ಸೂ ಹಾಗೇ.

ಉಳಿದ ಎಲ್ಲದಕ್ಕೂ ನಾನು ಹೇಳಿಕೊಡುವ ಪ್ರಶ್ನೆ ಒಂದೇ: "ಹೋದ ಬ್ಯಾಚಿನವರು ಈಗ ಎಲ್ಲಿದ್ದಾರೆ?" ಜರ್ಮನಿಯಲ್ಲಿ 2003ರಲ್ಲಿ ತರಬೇತಿ ಕೂಪನ್ (ಸರ್ಕಾರದ ಖರ್ಚಿನಲ್ಲಿ ಕೋರ್ಸು ಸೇರಲು ಕೊಡುವ ಚೀಟಿ) ಶುರು ಮಾಡಿದಾಗ ಸರ್ಕಾರವೇ ಈ ಪ್ರಶ್ನೆ ಕೇಳಿತ್ತು. ಸೇರಿದವರಲ್ಲಿ 100ಕ್ಕೆ 70 ಜನ ಆರು ತಿಂಗಳಲ್ಲಿ ಕೆಲಸ ಹಿಡಿಯುವ ನಿರೀಕ್ಷೆ ಇರುವ ಕೋರ್ಸಿಗೇ ಕೂಪನ್ ಅಂದಿತ್ತು. ನಿಮಗೆ ಶೇಕಡಾವಾರು ಬೇಡ, ಇಬ್ಬರ ಫೋನ್ ನಂಬರು ಸಾಕು. ಆ ಇಬ್ಬರು ಒಪ್ಪಿದರೆ ಮಾತಾಡಿ.

ಕಳೆದ ತಿಂಗಳು ಒಬ್ಬಾಕೆ ಫೋನ್ ಮಾಡಿದ್ದರು. ಲೆಕ್ಕಪತ್ರ ಬರೆಯುವವರು, ಎರಡು ವರ್ಷದಿಂದ ಮನೆಯಲ್ಲಿದ್ದಾರೆ. ಹೀಗೆ ಕೇಳಿ ನೋಡಿ ಅಂದೆ. ಸಂಸ್ಥೆಯವನು ಮೊದಲು ನಕ್ಕನಂತೆ, "ಅಂಥದ್ದೆಲ್ಲ ನಾವು ಕೊಡಲ್ಲ ಮೇಡಂ" ಅಂದನಂತೆ. ಇವರು ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಬಾಗಿಲ ತನಕ ಬಂದಾಗ ಹಿಂದಿನಿಂದ ಇನ್ನೊಬ್ಬ ಹುಡುಗಿ, ಬಹುಶಃ ಅಲ್ಲಿಯೇ ಕಲಿಸುವವಳು, ಮೆಲ್ಲಗೆ ಕರೆದು ಒಂದು ನಂಬರು ಬರೆದುಕೊಟ್ಟಳಂತೆ. ಹೋದ ಬ್ಯಾಚಿನ ನಂಬರಲ್ಲ. ಸಂಜೆ ಕ್ಲಾಸು ನಡೆಸುವ ಬೇರೆ ಸಂಸ್ಥೆಯದ್ದು.