ಹಲೋ ಬರುತ್ತದೆ, ಸೆಷನ್ ಏಳುವುದಿಲ್ಲ: ಶಿರಸಿಯ ಎಂಪಿಎಲ್‌ಎಸ್ ಲ್ಯಾಬ್

ಕೊನೆಗೂ ಮೂರೂ ರೌಟರ್‌ಗಳ ನಡುವೆ ಎಲ್‌ಡಿಪಿ ಎದ್ದಿದೆ! ಎಂಪಿಎಲ್‌ಎಸ್ ಅಂದರೆ ಪ್ಯಾಕೆಟ್‌ಗೆ ಲೇಬಲ್ ಎಂಬ ಗುರುತು ಅಂಟಿಸಿ, ಅದನ್ನು ನೋಡಿಯೇ ಸಾಗಿಸುವ ವಿಧಾನ. ಆ ಲೇಬಲ್‌ಗಳನ್ನು ರೌಟರ್‌ಗಳು ಪರಸ್ಪರ ಹಂಚಿಕೊಳ್ಳುವ ಭಾಷೆಯೇ ಎಲ್‌ಡಿಪಿ. ಎಫ್‌ಆರ್‌ಆರ್ (ಪಿಸಿಯನ್ನು ರೌಟರ್ ಮಾಡುವ ತಂತ್ರಾಂಶ) ಹಾಕಿದ್ದು, ಓಎಸ್‌ಪಿಎಫ್ (ದಾರಿ ಹುಡುಕುವ ಪ್ರೋಟೊಕಾಲ್) ಏರಿಸಿದ್ದು, ಕರ್ನಲ್ ಮಾಡ್ಯೂಲ್ ಲೋಡ್ ಮಾಡಿದ್ದು ನಿಮಗೆಲ್ಲ ಗೊತ್ತಿರುವುದೇ. ಸೀದಾ ತೊಂದರೆಗೆ ಬರುತ್ತೇನೆ.

ಸಾಲಾಗಿ ಮೂರು ಮಿನಿ ಪಿಸಿ, ಇವೇ ರೌಟರ್‌ಗಳು. ಲೂಪ್‌ಬ್ಯಾಕ್ (ರೌಟರ್‌ನ ಸ್ವಂತ, ಕೇಬಲ್‌ಗೆ ಅಂಟಿರದ ವಿಳಾಸ) 10.0.0.1, 10.0.0.2, 10.0.0.3. ಒಂದು ಮತ್ತು ಎರಡರ ನಡುವೆ ಸೆಷನ್, ಅಂದರೆ ಲೇಬಲ್ ಹಂಚಿಕೊಳ್ಳುವ ಸಂಪರ್ಕ, ತಕ್ಷಣ ಆಯಿತು. ಎರಡು ಮತ್ತು ಮೂರರ ನಡುವೆ ಏನು ಮಾಡಿದರೂ ಇಲ್ಲ. ಹಲೋ, ಅಂದರೆ ‘ನಾನಿದ್ದೇನೆ’ ಎನ್ನುವ ಸಂದೇಶ, ಮಾತ್ರ 5 ಸೆಕೆಂಡಿಗೊಮ್ಮೆ ಎಲ್ಲ ರೌಟರ್‌ಗಳೂ ಕೇಳುವ ವಿಳಾಸ 224.0.0.2ಕ್ಕೆ ಹೋಗುತ್ತಿತ್ತು, ಎರಡೂ ಕಡೆ ಕಾಣುತ್ತಿತ್ತು. ಲೂಪ್‌ಬ್ಯಾಕ್‌ಗಳ ನಡುವೆ ಪಿಂಗ್ ಕೂಡ ಸರಿ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ನಡುವೆ ಕರೆಂಟ್ ಬೇರೆ ಹೋಯಿತು. ಶಿರಸಿಯ ಮಳೆಗಾಲ, ಅಲ್ವಾ?

ಎರಡನೆಯ ಪೆಟ್ಟಿಗೆ ಒಂದು ಕಡೆ ಮಾತಾಡುತ್ತದೆ, ಇನ್ನೊಂದು ಕಡೆ ಇಲ್ಲ. ಯಾಕೆ? ಹಲೋ ಹೋಗುವುದು ಯುಡಿಪಿ (ಸಂಪರ್ಕ ಕಟ್ಟದೆಯೇ ಕಳಿಸುವ ಬಗೆ) ಪೋರ್ಟ್ 646ರಲ್ಲಿ. ಸೆಷನ್ ಮಾತ್ರ ಟಿಸಿಪಿ 646, ಅದಕ್ಕೆ ಮೊದಲು ಒಬ್ಬರು ಕರೆ ಮಾಡಿ ಸಂಪರ್ಕ ತೆರೆಯಬೇಕು. ಅದನ್ನು ತೆರೆಯುವುದು ಟ್ರಾನ್ಸ್‌ಪೋರ್ಟ್ ವಿಳಾಸ (ಸೆಷನ್‌ಗೆ ಬಳಸುವ ವಿಳಾಸ, ಇಲ್ಲಿ ಲೂಪ್‌ಬ್ಯಾಕ್) ದೊಡ್ಡದಿರುವ ರೌಟರ್, ಚಿಕ್ಕದು ಕಾಯುತ್ತದೆ. ಎಲ್‌ಡಿಪಿಯ ನಿಯಮಗಳಿರುವ 2007ರ ಆರ್‌ಎಫ್‌ಸಿ 5036 ಹೇಳುವುದೂ ಇದನ್ನೇ. ಅಂದರೆ ಒಂದನೆಯದರ ಕಡೆಗೆ ಎರಡನೆಯದೇ ಕರೆ ಮಾಡುತ್ತದೆ. ಮೂರನೆಯದರ ಎದುರು ಅದು ಕರೆಗಾಗಿ ಕಾಯಬೇಕು. ಬಂದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಚ್ಚಿದೆ. ಮೂರನೆಯದರಿಂದ ಸಿನ್ (ಕರೆಯ ಮೊದಲ ಪ್ಯಾಕೆಟ್) ಬಂದು ಬೀಳುತ್ತಿದೆ, ಉತ್ತರವೇ ಇಲ್ಲ.

ಎರಡನೆಯದು ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ. ಹೊಸದಾಗಿ ಇನ್‌ಸ್ಟಾಲ್ ಮಾಡಿ ಕೊಡುತ್ತೇವೆ ಎಂದು ದುಡ್ಡು ಜಾಸ್ತಿ ತೆಗೆದುಕೊಂಡ ಅಂಗಡಿಯವರು ಹಳೆಯ ಮಾಲೀಕರ ಫೈರ್‌ವಾಲ್ ನಿಯಮಗಳನ್ನು ಹಾಗೇ ಬಿಟ್ಟಿದ್ದರು. ಯುಡಿಪಿ 646ಕ್ಕೆ ಅನುಮತಿ ಇದೆ, ಟಿಸಿಪಿಗೆ ಇಲ್ಲ. ಹೊರಗೆ ಹೋದ ಕರೆಯ ಉತ್ತರವನ್ನು ಅದು ಒಳಗೆ ಬಿಡುತ್ತದೆ, ಹೊಸ ಕರೆಯನ್ನು ಬಿಡುವುದಿಲ್ಲ. ಹೇಳಿದ ಕೆಲಸ ಮಾಡದೆ ದುಡ್ಡು ತೆಗೆದುಕೊಳ್ಳುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಖಾತ್ರಿಗಾಗಿ ಫೈರ್‌ವಾಲ್ ಮುಟ್ಟದೆ ಎರಡನೆಯದರ ಟ್ರಾನ್ಸ್‌ಪೋರ್ಟ್ ವಿಳಾಸವನ್ನು 10.0.0.9 ಮಾಡಿದೆ. ಈಗ ಎರಡೂ ಕಡೆ ಕರೆ ಮಾಡುವುದು ಅದೇ. ಸೆಷನ್ ಎದ್ದಿತು! ಆಮೇಲೆ ಹಳೆಯ ವಿಳಾಸ ವಾಪಸ್ ಹಾಕಿ, ಟಿಸಿಪಿ 646 ತೆರೆದೆ. ಸೆಷನ್ ಶುರುವಾಗುವ ಇನಿಷಿಯಲೈಸೇಷನ್, ಕೀಪ್‌ಅಲೈವ್ ಸಂದೇಶಗಳು ಬಂದವು, ಅದರ ಹಿಂದೆಯೇ ಲೇಬಲ್‌ಗಳು.

ಮುಂದೆ ಘಟ್ಟ ಇಳಿಯುವ ಯೋಜನೆ. ಕಾರವಾರದ ಭಾವನ ಮನೆಯಲ್ಲಿ ನಾಲ್ಕನೆಯ ರೌಟರ್. ಅಲ್ಲಿಗೆ ಇಂಟರ್ನೆಟ್ ಮೇಲೆ ವೈರ್‌ಗಾರ್ಡ್ ವಿಪಿಎನ್. ಅದು ಐಪಿ ಪ್ಯಾಕೆಟ್ ಬಿಟ್ಟು ಬೇರೇನೂ ಒಯ್ಯುವುದಿಲ್ಲ, ಹಾಗಾಗಿ ಲೇಬಲ್ ಹಚ್ಚಿದ ಪ್ಯಾಕೆಟ್‌ಗಳನ್ನು ಐಪಿಯೊಳಗೆ ಸುತ್ತುವ ಜಿಆರ್‌ಇ ಅದರ ಮೇಲೆ ಹಾಕಬೇಕು. ವೈರ್‌ಗಾರ್ಡ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1420 ಬೈಟ್, ಅದರಲ್ಲಿ ಜಿಆರ್‌ಇಗೆ 24 ಹೋದರೆ 1396, ಒಂದು ಲೇಬಲ್‌ಗೆ ಇನ್ನೂ 4. ಎಂಟಿಯು 1392ಕ್ಕೆ ಇಳಿಸಿಯೇ ಶುರು ಮಾಡುತ್ತೇನೆ.