ಸಾವಿನ ಲೆಕ್ಕದಲ್ಲಿ ವಯಸ್ಸು ಯಾಕೆ ಬೇಕು? ಲೈನ್ ಲಿಸ್ಟ್ ಕೆಲಸದಿಂದ ಕಲಿತದ್ದು

ದಾವಣಗೆರೆಯಲ್ಲಿ ಸಾಂಕ್ರಾಮಿಕ ರೋಗಗಳ ಲೈನ್ ಲಿಸ್ಟ್, ಅಂದರೆ ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲಿನಂತೆ ವಿವರ ಬರೆದಿಡುವ ಪಟ್ಟಿ, ನೋಡಿಕೊಳ್ಳುವ ಕೆಲಸ ನನ್ನದು. ಗುತ್ತಿಗೆ ನೌಕರಿ. ಆಗ ಕೋವಿಡ್, ಈಗ ಡೆಂಗಿ. ಹೊಸದಾಗಿ ಸೇರಿದ ಡೇಟಾ ಎಂಟ್ರಿ ಹುಡುಗ ಹುಡುಗಿಯರಿಗೆ ಕೆಲಸ ಹೇಳಿಕೊಡುವುದೂ ನನ್ನ ಪಾಲಿಗೇ ಬಂದಿದೆ.

ಅವರಿಗೆ ನಾನು ಮೊದಲು ಕೊಡುವ ಲೆಕ್ಕ ಅಮೆರಿಕದ್ದು. 2020ರಲ್ಲಿ ಅಲ್ಲಿ ಹಿಸ್ಪಾನಿಕ್ ಜನ, ಅಂದರೆ ಮೆಕ್ಸಿಕೊ ಮುಂತಾದ ಕಡೆಯ ಮೂಲದವರು, ನೂರಕ್ಕೆ ಸುಮಾರು 18 ಮಂದಿ ಇದ್ದರು. ಕೋವಿಡ್‌ನಿಂದ ಸತ್ತವರಲ್ಲೂ ಅವರ ಪಾಲು ಹೆಚ್ಚುಕಮ್ಮಿ ಅಷ್ಟೇ. ಹಾಗಾದರೆ ಅವರಿಗೇನೂ ಜಾಸ್ತಿ ಪೆಟ್ಟು ಬಿದ್ದಿಲ್ಲ ಅಲ್ವಾ ಅಂತ ಕೇಳುತ್ತೇನೆ. ಬಹಳ ಜನ ಹೌದು ಅನ್ನುತ್ತಾರೆ.

ಆಮೇಲೆ ವಯಸ್ಸಿನ ಕಾಲಂ ನೋಡಿ ಅನ್ನುತ್ತೇನೆ. ಅಲ್ಲಿನ ಬಿಳಿಯರಲ್ಲಿ ವಯಸ್ಸಾದವರು ಜಾಸ್ತಿ, ಹಿಸ್ಪಾನಿಕ್ ಜನರಲ್ಲಿ ಚಿಕ್ಕವರು ಜಾಸ್ತಿ. ಕೋವಿಡ್ ಹೆಚ್ಚಾಗಿ ಕೊಂದಿದ್ದು ವಯಸ್ಸಾದವರನ್ನು. ಅಂದಮೇಲೆ ಚಿಕ್ಕವರೇ ತುಂಬಿರುವ ಸಮುದಾಯದಲ್ಲಿ ಸಾವು ತೀರಾ ಕಡಿಮೆ ಇರಬೇಕಿತ್ತು. ಸಮ ಬಂದಿದೆ ಅಂದರೇನೇ ಏನೋ ಎಡವಟ್ಟಾಗಿದೆ. ಐವತ್ತರವರನ್ನು ಐವತ್ತರವರ ಜೊತೆ, ಎಪ್ಪತ್ತರವರನ್ನು ಎಪ್ಪತ್ತರವರ ಜೊತೆ ಇಟ್ಟು ನೋಡಿದಾಗ, ಅಂದರೆ ವಯಸ್ಸು ಹೊಂದಿಸಿದಾಗ, ಹಿಸ್ಪಾನಿಕ್ ಜನರ ಸಾವಿನ ಪ್ರಮಾಣ ಬಿಳಿಯರ ಸುಮಾರು ಎರಡು ಪಟ್ಟು. ಕಪ್ಪು ಜನರದ್ದೂ ಹೆಚ್ಚುಕಮ್ಮಿ ಅದೇ ಕಥೆ. ಷಿಕಾಗೊದಲ್ಲಂತೂ ವಯಸ್ಸು ಹೊಂದಿಸುವ ಮೊದಲೇ ಕಣ್ಣಿಗೆ ರಾಚುತ್ತಿತ್ತು: ಊರಿನ ಜನರಲ್ಲಿ ಕಪ್ಪು ಜನ ಶೇ 30, 2020ರ ಏಪ್ರಿಲ್ ಮೊದಲ ವಾರದವರೆಗೆ ಸತ್ತವರಲ್ಲಿ ಶೇ 70ರ ಆಸುಪಾಸು.

ಇಷ್ಟಾದ ಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಸರ್, ಅವರ ಬಾಡಿನೇ ಹಂಗೇನೋ?"

ಇದಕ್ಕೆ ಬ್ರಿಟನ್ನಿನ ಲೆಕ್ಕ ನೋಡಬೇಕು. ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿ 2020ರ ಮೇ ತಿಂಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಲೆಕ್ಕ ಕೊಟ್ಟಿತು. ಬರೀ ವಯಸ್ಸು ಹೊಂದಿಸಿದಾಗ ಕಪ್ಪು ಗಂಡಸರು ಕೋವಿಡ್‌ನಿಂದ ಸಾಯುವ ಸಾಧ್ಯತೆ ಬಿಳಿ ಗಂಡಸರಿಗಿಂತ 4.2 ಪಟ್ಟು ಇತ್ತು. ಎಂಥ ಏರಿಯಾ, ಎಂಥ ಮನೆ, ಎಷ್ಟು ಓದು, ಮೊದಲೇ ಆರೋಗ್ಯ ಹೇಗಿತ್ತು ಅನ್ನುವುದನ್ನೂ ಸೇರಿಸಿದಾಗ ಅದು 1.9ಕ್ಕೆ ಇಳಿಯಿತು. ಜನ ಅವರೇ, ರಕ್ತ ಅದೇ, ನಾಲ್ಕು ಕಾಲಂ ಸೇರಿಸಿದ್ದಕ್ಕೆ ವ್ಯತ್ಯಾಸ ಅರ್ಧಕ್ಕಿಂತ ಕೆಳಗೆ ಬಂತು. ಉಳಿದಿದ್ದಕ್ಕೆ ರಕ್ತವೇ ಕಾರಣ ಅನ್ನುವವರು ಈಗಲೂ ಇದ್ದಾರೆ. ಇನ್ನೂ ಯಾವ ಪ್ರಶ್ನೆ ಕೇಳಿಲ್ಲ ಅಂತ ಹುಡುಕುವವನು ನಾನು. ಬಸ್ ಓಡಿಸುವವರು, ಆಸ್ಪತ್ರೆ ವಾರ್ಡ್ ಗುಡಿಸುವವರು ಮನೆಯಿಂದ ಕೆಲಸ ಮಾಡೋಕೆ ಆಗುತ್ತಿತ್ತಾ?

ನಮ್ಮೂರಿಗೆ ಬನ್ನಿ. ನಮ್ಮಲ್ಲಿ ಜನಾಂಗದ ಕಾಲಂ ಇರಲಿಲ್ಲ, ಆದರೆ ಮನೆಗಳು ಇದ್ದವಲ್ಲ. ಹೋಮ್ ಐಸೊಲೇಷನ್‌ಗೆ ಬೇರೆ ರೂಮು, ಬೇರೆ ಶೌಚಾಲಯ ಇದೆಯಾ ಅಂತ ಕೇಳಿ ಟಿಕ್ ಹಾಕಬೇಕಿತ್ತು. ಉಳ್ಳವರಿರುವ ಎಂ.ಸಿ.ಸಿ. ಬಿ ಬ್ಲಾಕ್ ಕಡೆಯ ಮನೆಗಳಿಗೆ ಫೋನಲ್ಲೇ ಕೇಳಿ ಮುಗಿಸುತ್ತಿದ್ದೆವು. ಮಂಡಕ್ಕಿ ಭಟ್ಟಿ ಕಡೆಗೆ ಹೋಗಿದ್ದ ಆಶಾ ಅಕ್ಕ ಒಬ್ಬರು ಅಲ್ಲಿಂದಲೇ ಫೋನ್ ಮಾಡಿದರು. "ಸರ, ಇರೋದು ಒಂದೇ ರೂಮು. ಪಡಸಾಲೆ, ಅಡುಗೆಮನೆ ಎಲ್ಲಾ ಅದೇ. ಯಾವುದಕ್ಕೆ ಟಿಕ್ ಹಾಕ್ಲಿ?" ಭಟ್ಟಿ ಮುಂದೆ ಮಂಡಕ್ಕಿ ಹುರಿಯುವವರಿಗೆ ದಿನಗೂಲಿ. ಹೊಗೆ, ಬಿಸಿ, ಕೆಮ್ಮು ಅವರಿಗೆ ಹೊಸದಲ್ಲ. ಕೆಮ್ಮು ಬಂತು ಅಂತ ಟೆಸ್ಟ್‌ಗೆ ಓಡುವವರೂ ಅಲ್ಲ. ಆ ಫಾರ್ಮಿನಲ್ಲಿ ಇದೆಲ್ಲ ಬರೆಯುವ ಜಾಗ ಇರಲಿಲ್ಲ.

ಸೋಂಕು ಮತ್ತು ಸಾವು ಎರಡನ್ನೂ ಒಂದೇ ಉಸಿರಿಗೆ ಹೇಳಬಾರದು ಅಂತಲೂ ಹೇಳಿಕೊಡುತ್ತೇನೆ. 2020ರ ಜುಲೈನಲ್ಲಿ ಮುಂಬೈನ ಮೂರು ವಾರ್ಡ್‌ಗಳಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಕೊಳೆಗೇರಿಗಳಲ್ಲಿ ಶೇ 57 ಜನರಿಗೆ ಸೋಂಕು ಬಂದು ಹೋಗಿದ್ದು ಕಂಡಿತು. ಬೇರೆ ಕಡೆ ಶೇ 16. ಒಂದೇ ಶೌಚಾಲಯವನ್ನು ಹತ್ತಾರು ಮನೆಯವರು ಬಳಸುವ ಕಡೆ ಸೋಂಕಿಗೆ ತಡೆ ಎಲ್ಲಿ? ಅಷ್ಟು ಜನಕ್ಕೆ ಬಂದರೂ ಸೋಂಕಿತರಲ್ಲಿ ಸತ್ತವರ ಪಾಲು ಕಡಿಮೆ ಕಂಡಿತು. ಅಲ್ಲಿ ಚಿಕ್ಕ ವಯಸ್ಸಿನವರು ಜಾಸ್ತಿ ಇರುವುದು ಒಂದು ಕಾರಣ. ಮತ್ತೆ ವಯಸ್ಸಿಗೇ ಬಂದೆವು ನೋಡಿ.

ಜಾತಿ ಕಾಲಂ ಇದ್ದರೆ ಏನು ಕಾಣುತ್ತಿತ್ತು ಅನ್ನುವುದಕ್ಕೆ ಹಳೆಯ ಲೆಕ್ಕ ಒಂದಿದೆ. 1918ರ ಇನ್‌ಫ್ಲುಯೆಂಜಾ ಸಮಯದಲ್ಲಿ ಬೊಂಬಾಯಿ ನಗರದಲ್ಲಿ ಸಾವನ್ನು ಸಮುದಾಯವಾರು ಎಣಿಸಿದ್ದರು. ಸಾವಿರಕ್ಕೆ ಯುರೋಪಿಯನ್ನರು 8.3, ಪಾರ್ಸಿಗಳು 9, ಮೇಲುಜಾತಿ ಹಿಂದೂಗಳು 18.9. ಕೆಳಜಾತಿ ಅಂತ ಅವರು ಬರೆದುಕೊಂಡ ಜನ 61.6. ಆ ಸಂಖ್ಯೆ ಮೊದಲ ಸಲ ಓದಿದಾಗ ಟೈಪಿಂಗ್ ತಪ್ಪೇನೋ ಅನ್ನಿಸಿತ್ತು. ನೂರು ವರ್ಷದ ನಂತರದ ನಮ್ಮ ದಿನದ ಬುಲೆಟಿನ್‌ನಲ್ಲಿ ಇಂಥ ಒಂದು ಸಾಲೂ ಇರಲಿಲ್ಲ.

ಹಾಗಂತ ಕಾಲಂ ಸೇರಿಸಿದರೆ ಸಾಕು ಅಂತಲ್ಲ. 2020ರ ಏಪ್ರಿಲ್‌ನಲ್ಲಿ ದೆಹಲಿಯ ಒಂದು ಧಾರ್ಮಿಕ ಸಮಾವೇಶಕ್ಕೆ ಸಂಬಂಧಿಸಿದ ಕೇಸುಗಳನ್ನು ಮಾತ್ರ ಬೇರೆಯಾಗಿ ಎಣಿಸಿ ಹೇಳಿದರು. ಅವರನ್ನೇ ಹುಡುಕಿ ಹುಡುಕಿ ಟೆಸ್ಟ್ ಮಾಡುತ್ತಿದ್ದ ಹೊತ್ತು ಅದು. ಎಷ್ಟು ಪಾಸಿಟಿವ್ ಅಂತ ಹೇಳಿದವರು ಎಷ್ಟು ಟೆಸ್ಟ್‌ಗೆ ಅಂತಲೂ ಜೊತೆಗೇ ಹೇಳಬೇಕಿತ್ತು. ನಮ್ಮೂರಲ್ಲೂ ಒಂದೊಂದು ಓಣಿಯ ಹೆಸರು ವಾಟ್ಸಾಪ್‌ನಲ್ಲಿ ಓಡಾಡಿ, ಆ ಕಡೆಯ ತರಕಾರಿ ಗಾಡಿಯನ್ನೂ ಜನ ಮುಟ್ಟದ ಹಾಗಾಯಿತು. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಸಮುದಾಯದ ವಿವರ ಬರೆದುಕೊಳ್ಳಿ, ಆದರೆ ಹೊರಗೆ ಹಾಕುವಾಗ ವಯಸ್ಸು ಹೊಂದಿಸಿದ ಪ್ರಮಾಣವಾಗಿ ಹಾಕಿ. ಓಣಿಯ ಹೆಸರು ಬೇಡ.

ಲಿಸ್ಟಿಗೇ ಬಾರದವರ ಕಥೆ ಬೇರೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ 22.5ಕ್ಕೆ ಮಾತ್ರ. ಟೆಸ್ಟ್ ಇಲ್ಲದೆ ತಾಂಡಾದಲ್ಲೋ ಹಟ್ಟಿಯಲ್ಲೋ ತೀರಿಕೊಂಡವರು ನಮ್ಮ ಎಕ್ಸೆಲ್‌ನಲ್ಲಿ ಯಾವ ಸಾಲಿಗೂ ಬರಲಿಲ್ಲ. ಬಂದವರ ರೀಡಿಂಗ್ ಆದರೂ ಸರಿ ಇತ್ತಾ? ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಗ್ಗೆ ಅಮೆರಿಕದ ವೈದ್ಯರು 2020ರ ಡಿಸೆಂಬರ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರಕ್ತದಲ್ಲಿ ಆಮ್ಲಜನಕ ಕುಸಿದಿದ್ದರೂ ಯಂತ್ರ ಚೆನ್ನಾಗಿದೆ ಅಂತ ತೋರಿಸಿದ್ದು ಕಪ್ಪು ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ. ಬಿಸಿಲಲ್ಲಿ ದುಡಿದು ಮೈ ಕಪ್ಪಾದ ನಮ್ಮ ಜನರ ಬೆರಳಲ್ಲಿ 94 ಅಂತ ಬಂದಿದ್ದನ್ನು ನಾವು ಹಾಗೇ ಟೈಪ್ ಮಾಡಿಕೊಂಡೆವು.

ಡೆಂಗಿ ಲಿಸ್ಟಿಗೆ ಈಗ ಎರಡು ಕಾಲಂ ಸೇರಿಸಿದ್ದೇನೆ: ಮನೆಯಲ್ಲಿ ಎಷ್ಟು ರೂಮು, ಏನು ಕೆಲಸ. ಪೋರ್ಟಲ್ ಅವನ್ನು ತಗೊಳ್ಳುವುದಿಲ್ಲ, ಹಾಗಾಗಿ ಬೇರೆ ಶೀಟಿನಲ್ಲಿ ಇಟ್ಟಿದ್ದೇನೆ. ಕೆಲಸದ ಕಾಲಂನಲ್ಲಿ ಸುಮ್ನೆ "ಕೂಲಿ" ಅಂತ ಬರೆದರೆ ವಾಪಸ್ ಕಳಿಸುತ್ತೇನೆ. ಏನು ಕೂಲಿ, ಎಲ್ಲಿ ಕೂಲಿ ಅಂತ ಬರೀರಿ ಅನ್ನುತ್ತೇನೆ. ಹುಡುಗರು ಗೊಣಗುತ್ತಾರೆ, ಆದರೆ ಬರೆಯುತ್ತಾರೆ.