ಹೈದರಾಲಿ ಹಡಗು ಕೊಡಲಿಲ್ಲ, ಇನ್ನು ಕಪ್ತಾನನ ವಿಷಯ ಕೇಳಿ

ನಾನು ನೌಕಾ ಇತಿಹಾಸ ಓದುವವನೆಂದು ಗೊತ್ತಾದ ಕೂಡಲೇ, ಮದುವೆಮನೆಯಲ್ಲಾಗಲಿ ರೈಲಿನಲ್ಲಾಗಲಿ, ಜನ ಕೇಳುವ ಪ್ರಶ್ನೆ ಒಂದೇ: "ನಮ್ಮ ಹೈದರಾಲಿ ಅಮೆರಿಕದವರ ಸ್ವಾತಂತ್ರ್ಯಕ್ಕೆ ಹಡಗು ಕೊಟ್ಟಿದ್ದನಂತೆ, ಹೌದೇ?" ಇಲ್ಲ. ಕೊಟ್ಟಿರಲಿಲ್ಲ, ಕಳಿಸಿರಲಿಲ್ಲ, ಮಾರಿಯೂ ಇರಲಿಲ್ಲ. ಫಿಲಡೆಲ್ಫಿಯಾದ ವ್ಯಾಪಾರಿಗಳ ಹಡಗೊಂದಕ್ಕೆ ‘ಹೈದರ್ ಅಲಿ’ ಎಂಬ ಹೆಸರಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಅದಕ್ಕೆ ತೋಪುಗಳನ್ನೇರಿಸಿ ಬ್ರಿಟಿಷರ ವಿರುದ್ಧ ಕಡಲಿಗಿಳಿಸಿತು. ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ನನಗೆ ಬೇಸರ ತರಿಸುವುದು ಪ್ರಶ್ನೆಯಲ್ಲ, ಅದರಲ್ಲಿರುವ ‘ಕೊಟ್ಟಿದ್ದನಂತೆ’ ಎಂಬ ಮಾತು. ಕೊಟ್ಟವನು ಒಬ್ಬ ಇದ್ದರೆ ಮಾತ್ರ ಕಥೆಗೆ ಬೆಲೆ, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕ ಅದರೊಳಗಿದೆ. ಕೆಲವು ವರ್ಷಗಳ ಹಿಂದೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ, ನೆಂಟರ ಗುಂಪಿನೊಂದಿಗೆ ಪಶ್ಚಿಮದ ಗೋಡೆಯ ಪೊಲ್ಲಿಲೂರು ಯುದ್ಧದ ಚಿತ್ರದ ಮುಂದೆ ನಿಂತಿದ್ದೆ. ಸುತ್ತುವರಿದ ಸೈನಿಕರ ಚೌಕ, ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ, ಇವನ್ನೆಲ್ಲ ಬೆರಳಿಟ್ಟು ತೋರಿಸುತ್ತಿದ್ದಾಗ ಗುಂಪಿನಲ್ಲಿದ್ದ ಹಿರಿಯರೊಬ್ಬರು ಅದೇ ಪ್ರಶ್ನೆ ಕೇಳಿದರು. ಅವರ ಮಗ ಮೇರಿಲ್ಯಾಂಡಿನಲ್ಲಿ ಕೆಲಸದಲ್ಲಿದ್ದ, ಮೊಬೈಲಿಗೆ ಬಂದ ಸಂದೇಶವನ್ನು ಅವನಿಗೂ ಕಳಿಸಿದ್ದರಂತೆ. ನಾನು ಇಲ್ಲವೆಂದೆ. "ಓ, ಹಾಗಾದರೆ ಬಿಡಿ ಸಾರ್" ಎಂದು ಅವರು ಮುಂದಿನ ಚಿತ್ರದ ಕಡೆ ನಡೆದರು. ಆ ‘ಬಿಡಿ’ ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಹೇಳಬೇಕಾದದ್ದೆಲ್ಲ ಶುರುವಾಗುವುದೇ ಅಲ್ಲಿಂದ.

ಮೊದಲು ಹೆಸರಿನ ಮಾತು ಮುಗಿಸುತ್ತೇನೆ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆ ಬೈಲಿಯ ಪಡೆಯನ್ನು ನಿರ್ನಾಮ ಮಾಡಿ ಅವನನ್ನು ಸೆರೆಹಿಡಿದದ್ದು ಈಸ್ಟ್ ಇಂಡಿಯಾ ಕಂಪನಿಗೆ ಭಾರತದಲ್ಲಿ ಅಲ್ಲಿಯವರೆಗೆ ಬಿದ್ದಿದ್ದ ಅತಿ ದೊಡ್ಡ ಪೆಟ್ಟು. ಕಂಪನಿಗೆ ಬಿದ್ದ ಪೆಟ್ಟಿನ ಸುದ್ದಿ ಹಡಗುಗಳಲ್ಲಿ ಲಂಡನ್ನಿಗೂ ಅಲ್ಲಿಂದ ಅಮೆರಿಕಕ್ಕೂ ತಲುಪಿದಾಗ, ಅದೇ ಬ್ರಿಟಿಷ್ ದೊರೆಯ ವಿರುದ್ಧ ಬಂಡೆದ್ದಿದ್ದ ಜನರಿಗೆ ಹೈದರನ ಹೆಸರು ತಮ್ಮವನದೇ ಎನಿಸಿತು. ಕವಿ ಫಿಲಿಪ್ ಫ್ರೆನೋ ಆ ಹಡಗಿನ ಮೇಲೆ ಪದ್ಯ ಕಟ್ಟಿ, ಬ್ರಿಟಿಷರಿಗೆ ಅವಮಾನ ಮಾಡಿದ ಪೂರ್ವದ ರಾಜನೊಬ್ಬನ ಹೆಸರನ್ನು ಅದು ಹೊತ್ತಿದೆ ಎಂದು ಹಾಡಿದ. ಯಾರೂ ಕೊಡದೆ, ಯಾರೂ ಕೇಳದೆ, ಭೂಮಿಯ ಇನ್ನೊಂದು ಮಗ್ಗುಲಿನ ಜನ ತಾವಾಗಿ ಎತ್ತಿಕೊಂಡ ಹೆಸರು ಅದು. ಕೊಟ್ಟ ಹಡಗಿಗಿಂತ ಇದು ದೊಡ್ಡದೆಂದೇ ನಾನು ಎಣಿಸುತ್ತೇನೆ.

ಆದರೆ ಹೆಸರು ತಾನಾಗಿ ಯುದ್ಧ ಗೆಲ್ಲುವುದಿಲ್ಲ. ಇಷ್ಟು ವರ್ಷಗಳಲ್ಲಿ ಒಬ್ಬರೂ ನನ್ನನ್ನು ಕೇಳದ, ನಾನು ಕಾಯುತ್ತಲೇ ಇರುವ ಪ್ರಶ್ನೆ ಇದು: ಆ ಹಡಗನ್ನು ನಡೆಸಿದವನು ಯಾರು?

ಅವನ ಹೆಸರು ಜೋಶುವಾ ಬಾರ್ನಿ, 1759ರಲ್ಲಿ ಮೇರಿಲ್ಯಾಂಡಿನಲ್ಲಿ ಹುಟ್ಟಿದವನು. ಮೀಸೆ ಚಿಗುರುವ ಮುನ್ನವೇ ಕಡಲಿಗಿಳಿದಿದ್ದ. ಹದಿನಾರು ತುಂಬುವ ಮೊದಲೇ, ಕಪ್ತಾನನಾಗಿದ್ದ ಅಕ್ಕನ ಗಂಡ ನಡುಗಡಲಲ್ಲಿ ತೀರಿಕೊಂಡಾಗ, ಸೋರುತ್ತಿದ್ದ ಸರಕಿನ ಹಡಗನ್ನು ತಾನೇ ನಡೆಸಿ ದಡ ಮುಟ್ಟಿಸಿದ್ದ. ಸ್ವಾತಂತ್ರ್ಯ ಯುದ್ಧದಲ್ಲಿ ಮತ್ತೆ ಮತ್ತೆ ಸೆರೆಸಿಕ್ಕಿ, ಕೊನೆಗೆ ಇಂಗ್ಲೆಂಡಿನ ಪ್ಲಿಮತ್‌ನ ಓಲ್ಡ್ ಮಿಲ್ ಸೆರೆಮನೆ ಸೇರಿದ. ಅಲ್ಲಿ ಕಾಲು ಉಳುಕಿದವನಂತೆ ಊರುಗೋಲು ಹಿಡಿದು ದಿನಗಟ್ಟಲೆ ಕುಂಟಿ ಕಾವಲಿನವರನ್ನು ನಂಬಿಸಿ, 1781ರಲ್ಲಿ ಒಂದು ದಿನ ಮೇಲಂಗಿಯ ಒಳಗೆ ಬ್ರಿಟಿಷ್ ಅಧಿಕಾರಿಯ ಸಮವಸ್ತ್ರ ತೊಟ್ಟು ಪರಾರಿಯಾದ. ಮರುವರ್ಷ ಊರಿಗೆ ಮರಳಿದವನ ಕೈಗೆ ಬಂದದ್ದು ‘ಹೈದರ್ ಅಲಿ’. ಆಗ ಅವನಿಗೆ ಇಪ್ಪತ್ತೆರಡು ವರ್ಷ.

ವ್ಯಾಪಾರಿ ಹಡಗುಗಳನ್ನು ಕಾಪಾಡಿ ಡೆಲವೇರ್ ಕೊಲ್ಲಿಯಿಂದ ಹೊರದಾಟಿಸುವುದು ಅವನಿಗೆ ವಹಿಸಿದ್ದ ಕೆಲಸ. 1782ರ ಏಪ್ರಿಲ್ 8ರಂದು ಕೇಪ್ ಮೇ ಹತ್ತಿರ ಬ್ರಿಟಿಷ್ ನೌಕೆ ‘ಜನರಲ್ ಮಂಕ್’ ಎದುರಾಯಿತು. ಅದರ ತೋಪುಗಳು ಒಂಬತ್ತು ಪೌಂಡಿನ ಗುಂಡಿನವು, ಬಾರ್ನಿಯ ಹದಿನಾರು ತೋಪುಗಳು ಆರು ಪೌಂಡಿನವು. ಸಮಸಮನಾಗಿ ನಿಂತು ಹೊಡೆದಾಡಿದರೆ ಸೋಲು ಖಚಿತ. ಆದ್ದರಿಂದ ಅವನು ಚುಕ್ಕಾಣಿ ಹಿಡಿದವನನ್ನು ಕರೆದು, ನಾನು ಮುಂದೆ ಕೂಗಿ ಕೊಡುವ ಅಪ್ಪಣೆಗೆ ತದ್ವಿರುದ್ಧವಾಗಿ ತಿರುಗಿಸಬೇಕು ಎಂದು ಮೆಲ್ಲನೆ ಹೇಳಿಟ್ಟ. ಹಡಗುಗಳು ಕೂಗಳತೆಗೆ ಬಂದಾಗ, ಎದುರಾಳಿಗೂ ಕೇಳುವಂತೆ ಗಂಟಲು ಹರಿದು ಅಪ್ಪಣೆ ಕೊಟ್ಟ. ಮಂಕ್‌ನವರು ಅದನ್ನು ನಂಬಿ ತಮ್ಮ ಹಡಗನ್ನೂ ಆ ಕಡೆಗೇ ತಿರುಗಿಸಿದರೆ, ಹೈದರ್ ಅಲಿ ಅವರ ದಾರಿಗೇ ಅಡ್ಡ ಬಂದು ನಿಂತಿತು. ಮಂಕ್‌ನ ಮೂತಿಯಿಂದ ಮುಂದಕ್ಕೆ ಚಾಚಿದ್ದ ತೊಲೆ ಹೈದರ್ ಅಲಿಯ ಹಾಯಿಹಗ್ಗಗಳಿಗೆ ಸಿಕ್ಕಿಕೊಂಡಿತು, ಬಾರ್ನಿಯ ಜನ ಅದನ್ನು ಬಿಗಿದು ಕಟ್ಟಿದರು. ಹಾಗೆ ಸಿಕ್ಕಿಬಿದ್ದ ಹಡಗಿನ ಪಕ್ಕದ ತೋಪುಗಳು ಗುರಿಗೆ ತಿರುಗಲಾರದೆ ನಿಂತರೆ, ಹೈದರ್ ಅಲಿಯ ಗುಂಡುಗಳು ಅದರ ಮೂತಿಯಿಂದ ಹಿಂಬದಿಯವರೆಗೆ ಉದ್ದಕ್ಕೂ ಗುಡಿಸಿಕೊಂಡು ಹೋದವು. ಅರ್ಧ ಗಂಟೆಯೊಳಗೆ ಮಂಕ್ ಬಾವುಟ ಇಳಿಸಿತು. ಅದರಲ್ಲಿ ಸತ್ತವರು 20, ಹೈದರ್ ಅಲಿಯಲ್ಲಿ 4. ನಮ್ಮ ಹೈದರ್ ಅದೇ ವರ್ಷದ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡ.

ಕಥೆ ಗೊತ್ತಿರುವ ಕೆಲವರೂ ಇಲ್ಲಿಗೇ ನಿಲ್ಲಿಸುತ್ತಾರೆ. ಬಾರ್ನಿಯ ಬದುಕು ಇಲ್ಲಿಗೆ ಮೂರನೆಯ ಒಂದು ಭಾಗ ದಾಟಿತ್ತು, ಅಷ್ಟೇ. ಗೆದ್ದ ಹಡಗು ಹಿಂದೆ ಬ್ರಿಟಿಷರು ಅಮೆರಿಕನ್ನರಿಂದಲೇ ಹಿಡಿದುಕೊಂಡದ್ದು, ಅದಕ್ಕೆ ‘ಜನರಲ್ ವಾಷಿಂಗ್ಟನ್’ ಎಂಬ ಹಳೆಯ ಹೆಸರು ಮರಳಿತು. ಅದರಲ್ಲೇ ಅವನು ಫ್ರಾನ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್‌ಗೆ ಕಾಗದಪತ್ರ ಒಯ್ದು, 1783ರಲ್ಲಿ ಶಾಂತಿ ಒಪ್ಪಂದದ ಸುದ್ದಿ ಹೊತ್ತು ಮರಳಿದ. 1794ರಲ್ಲಿ ಹೊಸ ನೌಕಾಪಡೆಗೆ ಆರಿಸಿದ ಮೊದಲ ಆರು ಕಪ್ತಾನರಲ್ಲಿ ಅವನೊಬ್ಬ. ಆದರೆ ಯುದ್ಧಕಾಲದಲ್ಲಿ ಭೂಸೇನೆಯ ಹುದ್ದೆಯಲ್ಲಿದ್ದ ಸೈಲಸ್ ಟಾಲ್ಬಟ್‌ನನ್ನು ಪಟ್ಟಿಯಲ್ಲಿ ತನಗಿಂತ ಮೇಲಿಟ್ಟರೆಂದು ಹುದ್ದೆಯನ್ನೇ ತಿರಸ್ಕರಿಸಿ, ಕೆಲವು ವರ್ಷ ಫ್ರೆಂಚ್ ನೌಕಾಪಡೆಯಲ್ಲಿ ದುಡಿದ. ಅಭಿಮಾನಕ್ಕಾಗಿ ಕೈಗೆ ಬಂದ ತುತ್ತನ್ನು ತಳ್ಳಿದ ಈ ನಡತೆಯನ್ನು ನಾನು ಸಮರ್ಥಿಸಲಾರೆ, ಅವನ ಮೇಲೆ ಎಷ್ಟು ಮಮತೆಯಿದ್ದರೂ.

ಅದೇ ಮನುಷ್ಯ, ಅಮೆರಿಕಕ್ಕೂ ಬ್ರಿಟನ್ನಿಗೂ 1812ರಲ್ಲಿ ಮತ್ತೆ ಯುದ್ಧ ಹತ್ತಿಕೊಂಡು, 1813ರಲ್ಲಿ ಬ್ರಿಟಿಷರ ದೊಡ್ಡ ಹಡಗುಗಳು ಚೆಸಪೀಕ್ ಕೊಲ್ಲಿಯನ್ನು ಸೂರೆಮಾಡುತ್ತಿದ್ದಾಗ, ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿಗಳ ದಳ ಕಟ್ಟಲು ತಾನಾಗಿ ಮುಂದೆ ಬಂದ. ಮರುವರ್ಷ ಬೇಸಿಗೆಯಿಡೀ ಆ ದೋಣಿಗಳು ನದಿಯ ತಿರುವುಗಳಲ್ಲಿ ಬ್ರಿಟಿಷರನ್ನು ಕಾಡಿದವು. ಆಗಸ್ಟ್ 22ರಂದು, ಶತ್ರುವಿನ ಕೈಸೇರಬಾರದೆಂದು, ತಾನೇ ಕಟ್ಟಿದ ದಳವನ್ನು ತಾನೇ ಸ್ಫೋಟಿಸುವ ಅಪ್ಪಣೆ ಕೊಟ್ಟ. ಎರಡು ದಿನಗಳ ನಂತರ ವಾಷಿಂಗ್ಟನ್ನಿನ ಹೊರಗೆ ಬ್ಲೇಡನ್ಸ್‌ಬರ್ಗ್‌ನಲ್ಲಿ ನಾಗರಿಕ ಪಡೆಗಳು ಚೆದುರಿ ಓಡಿದಾಗ, ನೆಲದ ಮೇಲೆ ಐದು ತೋಪುಗಳನ್ನಿಟ್ಟುಕೊಂಡು ನಿಂತು ಹೋರಾಡಿದ್ದು ಬಾರ್ನಿಯ ನಾವಿಕರು ಮತ್ತು ಅವರ ಜೊತೆಗಿದ್ದ, ಹಡಗಿನಲ್ಲೂ ನೆಲದಲ್ಲೂ ಕಾದಾಡುವ ಮರೀನ್ ಸೈನಿಕರು. ಆ ನಾವಿಕರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಚಾರ್ಲ್ಸ್ ಬಾಲ್ ಎಂಬ ಕಪ್ಪು ಮನುಷ್ಯನೂ ಇದ್ದ. ಬಾರ್ನಿ ಗುಂಡು ತಿಂದು ಬೀಳುವವರೆಗೂ ತಾನು ತೋಪನ್ನು ಬಿಟ್ಟು ಕದಲಲಿಲ್ಲವೆಂದೂ, ಉಳಿದ ಪಡೆ ನಾಯಿ ಅಟ್ಟಿದ ಕುರಿಗಳಂತೆ ಓಡಿತೆಂದೂ ಅವನು ಮುಂದೆ ತನ್ನ ಬದುಕಿನ ಕಥೆಯಲ್ಲಿ ಹೇಳಿದ್ದಾನೆ. ಅಂದು ರಾತ್ರಿ ವಾಷಿಂಗ್ಟನ್ ಹೊತ್ತಿ ಉರಿಯಿತು. ರಾಜಧಾನಿಯನ್ನು ಉಳಿಸಲು ನಿಂತ ಈ ಬಾಲ್‌ನನ್ನು ಹದಿನಾರು ವರ್ಷಗಳಾಚೆ ಮತ್ತೆ ಹಿಡಿದು ಜಾರ್ಜಿಯಾಕ್ಕೆ ಗುಲಾಮನಾಗಿ ಸಾಗಿಸಿದರು. ಬಾರ್ನಿಯ ತೊಡೆಗೆ ಹೊಕ್ಕ ಗುಂಡು ಅವನು ಬದುಕಿರುವವರೆಗೂ ಹೊರಬರಲಿಲ್ಲ. ಕೆಂಟಕಿಯಲ್ಲಿ ನೆಲೆಸಲೆಂದು ಹೊರಟವನು 1818ರ ಡಿಸೆಂಬರ್ 1ರಂದು ದಾರಿಯಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ ಕೊನೆಯುಸಿರೆಳೆದ.

ಅಮೆರಿಕದ ನೌಕಾಪಡೆ ಹಲವು ಹಡಗುಗಳಿಗೆ ಅವನ ಹೆಸರಿಟ್ಟಿತು, ರಾಜಧಾನಿಯಲ್ಲಿ ಬಾರ್ನಿ ಸರ್ಕಲ್ ಇದೆ. ನನಗೆ ಹೆಚ್ಚು ಹತ್ತಿರವಾದದ್ದು 2014ರಲ್ಲಿ ಬ್ಲೇಡನ್ಸ್‌ಬರ್ಗ್‌ನಲ್ಲಿ ನಿಲ್ಲಿಸಿದ ಸ್ಮಾರಕ. ಅದರಲ್ಲಿ ಬಾರ್ನಿ ಗಾಯಗೊಂಡಿದ್ದಾನೆ, ಅವನ ಜೊತೆಗೆ ಒಬ್ಬ ಮರೀನ್ ಸೈನಿಕನೂ ಚಾರ್ಲ್ಸ್ ಬಾಲ್‌ನೂ ಇದ್ದಾರೆ. ಬ್ಲೇಡನ್ಸ್‌ಬರ್ಗ್ ಇರುವುದು ಮೇರಿಲ್ಯಾಂಡಿನಲ್ಲೇ. ಅಂದು ‘ಬಿಡಿ ಸಾರ್’ ಎಂದ ಹಿರಿಯರಿಗೆ ನಾನು ಕಳೆದ ವಾರ ಇಷ್ಟನ್ನೂ ಬರೆದು ಕಳಿಸಿ, ಒಂದು ಭಾನುವಾರ ಅಲ್ಲಿಗೆ ಹೋಗಿ ಬರುವಂತೆ ಮಗನಿಗೆ ಹೇಳಿ ಎಂದು ಕೇಳಿಕೊಂಡಿದ್ದೇನೆ.